ತೂತು ಕಂಡಾಗ ಹುಳು ಹೊರಟಾಗಿದೆ!

ಗಡಿಯಾಚೆ ಕನ್ನಡ ಕಲಿಸುವ ನಮಗೆ ಬೆಂಚು, ಬೀರು, ಪುಸ್ತಕ ಯಾವುದೂ ಸುಲಭವಾಗಿ ಮತ್ತೆ ಸಿಗುವುದಿಲ್ಲ. ಹಳೆಯ ಕನ್ನಡ ಪುಸ್ತಕವೊಂದು ಹಾಳಾದರೆ ಅಂಥದ್ದೇ ಇನ್ನೊಂದನ್ನು ಬೆಂಗಳೂರಿನಲ್ಲಿ ಹುಡುಕಬೇಕು. ಆ ಪುಸ್ತಕಗಳನ್ನು ಹೊತ್ತ ಬೀರುವಿನ ಕೆಳಗೆ ಪೌಡರಿನಂಥ ನಯವಾದ ಪುಡಿ ಉದುರಿದ್ದರೆ ನಾವು ಎಚ್ಚೆತ್ತುಕೊಳ್ಳಲೇಬೇಕು. ಅದು ಕುಟ್ಟೆ ಹುಳುವಿನ ಕೆಲಸ.

ಆಲಸನತ್ತಂ, ಹೊಸೂರು ಸುತ್ತ ಎಲ್ಲರೂ ಮೊದಲು ಬಯ್ಯುವುದು ಗೆದ್ದಲನ್ನು. ಆದರೆ ಗೆದ್ದಲಿಗೆ ಸಾಮಾನ್ಯವಾಗಿ ಮಣ್ಣಿನ ನಂಟು ಬೇಕು, ಅದು ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ಕುಟ್ಟೆಗೆ ಅದೇನೂ ಬೇಡ. ತಾಯಿ ಹುಳು ಒಣ ಮರದ ಸಣ್ಣ ರಂಧ್ರಗಳಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ಇದ್ದು ಮರದ ಪಿಷ್ಟ ತಿಂದು ತಿಂಗಳುಗಟ್ಟಲೆ ಬೆಳೆಯುತ್ತದೆ. ಬೆಳೆದ ಮೇಲೆ ಒಂದೆರಡು ಮಿಲಿಮೀಟರ್ ಅಗಲದ ತೂತು ಕೊರೆದು ಹೊರಬರುತ್ತದೆ. ಅಂದರೆ ನಮಗೆ ಕಾಣುವ ತೂತು ಹುಳು ಒಳಹೋದ ಬಾಗಿಲಲ್ಲ, ಹೊರಬಂದ ಬಾಗಿಲು! ಅದಕ್ಕೇ ತೂತಿಗೆ ಸೀಮೆಎಣ್ಣೆ ಬಿಟ್ಟು ನಿಶ್ಚಿಂತೆಯಾಗಿ ಕೂರುವಂತಿಲ್ಲ. ಒಳಗೆ ಉಳಿದ ಮರಿಗಳಿಗೆ ಅದು ಪೂರ್ತಿ ತಲುಪುವುದಿಲ್ಲ, ಮೇಲಾಗಿ ಬೆಂಕಿಯ ಭಯ ಬೇರೆ.

ನಮ್ಮದು ಮಾವಿನ ಜಿಲ್ಲೆ. ತೋತಾಪುರಿ ತೋಟದ ಮುದಿ ಮರಗಳು ಹಲಗೆಯಾಗಿ ಅಗ್ಗಕ್ಕೆ ಸಿಗುತ್ತವೆ. ಮಾವಿನ ಹಲಗೆಗೆ ಕುಟ್ಟೆ ಬೇಗ ಹತ್ತುತ್ತದೆ. ತೇಗದ ನಡುವಿನ ಗಾಢ ಬಣ್ಣದ ಚೇಗು ಗಟ್ಟಿ, ಆದರೆ ಹೊರಸುತ್ತಿನ ಬಿಳಿ ಭಾಗಕ್ಕೆ ಆ ಭರವಸೆ ಇಲ್ಲ. 'ತೇಗ' ಎಂದ ಮಾತ್ರಕ್ಕೆ ನಂಬಬೇಡಿ, ಬಣ್ಣ ನೋಡಿ ಕೊಳ್ಳಿ.

ಮದ್ದು ಕೊಡಬೇಕಾದದ್ದು ಪಾಲಿಶ್‌ಗೆ ಮುಂಚೆ. ಹತ್ತು ಲೀಟರ್ ನೀರಿಗೆ ಸುಮಾರು 300 ಗ್ರಾಂ ಬೊರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಹಲಗೆಯ ಎಲ್ಲ ಮೈಗೂ, ತುದಿಗಳಿಗೂ ಎರಡು ಮೂರು ಸಲ ಬಳಿಯಬೇಕು. ಅದ್ದಿಟ್ಟರೆ ಇನ್ನೂ ಒಳ್ಳೆಯದು. ಚೆನ್ನಾಗಿ ಒಣಗಿದ ಮೇಲೆ ಪಾಲಿಶ್. ಹಳೆಯ ಬೆಂಚಾದರೆ ಪಾಲಿಶ್ ಕೆರೆದು ತೆಗೆದೇ ಬಳಿಯಬೇಕು, ಇಲ್ಲದಿದ್ದರೆ ಮದ್ದು ಒಳಗಿಳಿಯದು. ಮಳೆಗೆ ಇದು ತೊಳೆದು ಹೋಗುತ್ತದೆ, ಹಾಗಾಗಿ ಒಳಗಿಡುವ ಸಾಮಾನಿಗೆ ಮಾತ್ರ. ಈ ಕೆಲಸ ದೊಡ್ಡವರದ್ದು: ಕೈಗವಸು ಹಾಕಿ, ರಜಾ ದಿನ ಮಾಡಿ, ಮಕ್ಕಳನ್ನು ದೂರ ಇಡಿ.

ಮಕ್ಕಳಿಗೆ ಬೇರೆ ಕೆಲಸವಿದೆ. ನಾವು ಬೀರುವಿನ ತೂತುಗಳ ಸುತ್ತ ಪೆನ್ಸಿಲ್ ಗುರುತು ಹಾಕಿಸಿ, ಕೆಳಗೆ ಕಪ್ಪು ಕಾಗದ ಹಾಸಿಸುತ್ತೇವೆ. ವಾರ ವಾರ ನೋಡಿ ಹೊಸ ಪುಡಿ, ಹೊಸ ತೂತು ಇದ್ದರೆ ಕನ್ನಡದಲ್ಲಿ ಬರೆದಿಡುವುದು ಅವರ ಕೆಲಸ. ಒಂದು ವಾರ ಪುಡಿ ಬೀಳಲಿಲ್ಲವೆಂದು ಹುಳು ಸತ್ತಿತೆಂದು ತಿಳಿಯಬಾರದು, ಒಂದು ವರ್ಷವಾದರೂ ಕಾಯಬೇಕು. ಪುಸ್ತಕದ ವಿಜ್ಞಾನಕ್ಕಿಂತ ಈ ಪಾಠ ಅವರಿಗೆ ಹೆಚ್ಚು ಹಿಡಿಸಿದೆ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಅರಣ್ಯ ಸಂಶೋಧನಾಲಯವಾಗಿ ಶುರುವಾದದ್ದು. ಪ್ರವಾಸವೆಂದರೆ ಲಾಲ್‌ಬಾಗ್ ಒಂದೇ ಅಲ್ಲ, ಮುಂಚೆ ಕೇಳಿಕೊಂಡು ಅಲ್ಲಿಗೂ ಮಕ್ಕಳನ್ನು ಕರೆದೊಯ್ಯಬಹುದು.

ಈ ವಾರ ನಿಮ್ಮ ಶಾಲೆಯ ಬೀರುವಿನ ಕೆಳಗೂ ಒಮ್ಮೆ ಬಗ್ಗಿ ನೋಡಿ, ಮೇಷ್ಟ್ರೇ.