ಬುತ್ತಿ ಎಲ್ಲಿಟ್ಟೆ?

ಇಂಡಿಯ ನಿಂಬೆಹಣ್ಣು ಯಾವ ಊರಿಗೆ ಹೋದರೂ ನಿಂಬೆಹಣ್ಣೇ. ಆದರೆ ವಿಜಯಪುರದ ಮನೆಯಲ್ಲಿ ಬರೆದ ಕಂಪ್ಯೂಟರ್ ಪ್ರೋಗ್ರಾಂ ಇಂಡಿಗೆ ಹೋದ ಕೂಡಲೇ ಬೇರೆ ಏನೋ ಆಗಿಬಿಡುತ್ತದೆ ಎಂಬುದನ್ನು ನಾನು ಅರವತ್ತು ದಾಟಿದ ಮೇಲೆ ತಿಳಿದೆ. ತಿಳಿಸಿದವನು ನನ್ನ ಅಣ್ಣನ ಮಗ.

ಹುಡುಗ ಅಡತಿ ಅಂಗಡಿಗಳಿಗೆಂದು ಒಂದು ಪ್ರೋಗ್ರಾಂ ಬರೆದ. ರೈತ ಮಾಲು ಮಾರಿದಾಗ ಅಂಗಡಿಯವರು ಒಂದು ಪಟ್ಟಿ ಕೊಡುತ್ತಾರೆ. ಚೀಲ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಹಿಂದೆ ಒಯ್ದ ಮುಂಗಡ ಕಳೆದು ಕೈಗೆ ಬರುವುದೆಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ನಮ್ಮ ಸೀಮೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತಲ್ಲ, ಆ ಕಾಲದ ರೂಢಿಯಂತೆ ನಮ್ಮ ಅಪ್ಪನಿಗೆ ಸಿಗುತ್ತಿದ್ದುದು ಮೋಡಿ ಅಕ್ಷರದ ಪಟ್ಟಿ. ಅದನ್ನು ಮಡಿಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡು ಬಂದು, ಓದಬಲ್ಲವರ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂಡುತ್ತಿದ್ದ. ಹಾಗಾಗಿ ಹುಡುಗ 'ಪಟ್ಟಿ ಕನ್ನಡದಾಗ ಬರ್ತೈತಿ ಕಾಕಾ' ಎಂದಾಗ ನನಗೆ ಆದ ಸಂತೋಷಕ್ಕೆ ಹಿಂದಿನ ಕಾರಣವೂ ಇತ್ತು. ಅವನ ಸಂಗಡ ನಾಲ್ಕು ತಾಲ್ಲೂಕು ತಿರುಗಲು ಚೀಲ ಹೆಗಲಿಗೆ ಹಾಕಿಕೊಂಡೇ ಬಿಟ್ಟೆ.

ಪ್ರೋಗ್ರಾಂ ಇರುವುದು ಪೈಥಾನ್ ಭಾಷೆಯಲ್ಲಿ. ಹೆಬ್ಬಾವಿಗೂ ಅದಕ್ಕೂ ಸಂಬಂಧವಿಲ್ಲ. 1991ರಲ್ಲಿ ಅದನ್ನು ಹೊರತಂದ ನೆದರ್ಲೆಂಡ್ಸಿನ ಗೈಡೋ ವಾನ್ ರಾಸಮ್ ಅವರು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ಹೆಸರನ್ನು ಅದಕ್ಕೆ ಇಟ್ಟರಂತೆ. ಅಡತಿ ಅಂಗಡಿಯ ಕಂಪ್ಯೂಟರಿನಲ್ಲಿ ಪೈಥಾನ್ ಇರುವುದಿಲ್ಲ. ಅದಕ್ಕೆ ಪೈಇನ್‌ಸ್ಟಾಲರ್ ಎಂಬ ಸಾಧನ ಭಾಷೆಯನ್ನೂ ಪ್ರೋಗ್ರಾಮನ್ನೂ ಸೇರಿಸಿ ಒಂದೇ ಕಡತ ಮಾಡಿಕೊಡುತ್ತದೆ. ಹುಡುಗರು ಇದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಗಂಟು ಕಟ್ಟುವ ಕೆಲಸ.

ಪ್ರೋಗ್ರಾಮಿಗೆ ದಾರಿಯ ಬುತ್ತಿಯೂ ಬೇಕು. ನಮ್ಮ ಹುಡುಗನದಕ್ಕೆ ಮೂರು ಬೇಕಾಗಿದ್ದವು: ಪಟ್ಟಿಯ ತಲೆಯ ಮೇಲೆ ಅಚ್ಚಾಗುವ ದೇವರ ಚಿತ್ರ, ಹಮಾಲಿ ದರದ ಕಡತ, ಮತ್ತು ನೋಟೋ ಸಾನ್ಸ್ ಕನ್ನಡ ಎಂಬ ಅಕ್ಷರಗಳ ಕಡತ. ಈ ಕೊನೆಯದು ಸಿಗದಿದ್ದರೆ ಅವನ ಪಟ್ಟಿಯಲ್ಲಿ ಕನ್ನಡದ ಜಾಗದಲ್ಲಿ ಬರಿಯ ಚೌಕಗಳು ಮೂಡುತ್ತಿದ್ದವು.

ಇಂಡಿಯಲ್ಲಿ ಮೊದಲ ದಿನವೇ ಪ್ರೋಗ್ರಾಂ ಬಾಯಿ ಬಿಡಲಿಲ್ಲ. ಬುತ್ತಿಯ ವಿಳಾಸವನ್ನು ಹುಡುಗ ತನ್ನ ಕಂಪ್ಯೂಟರಿನ ಡಿ ಡ್ರೈವಿನಿಂದ ಹಿಡಿದು ಪೂರ್ತಿಯಾಗಿ ಬರೆದಿದ್ದ. ಸಾಹುಕಾರರ ಕಂಪ್ಯೂಟರಿಗೆ ಡಿ ಡ್ರೈವೇ ಇರಲಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರಿಗೆ ಇದು ಬೇಗ ತಿಳಿದೀತು. ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು. ಜಾಗ ಹೊಸದು, ಹೆಸರು ಮಾತ್ರ ಹಳೆಯದು. 'ಹೊಳೆ ಕಡೆಯ ಅಗಸಿಯಿಂದ ಮೂರನೆಯ ಮನೆ' ಎಂಬ ವಿಳಾಸ ಹಿಡಿದು ಹೋದರೆ ಅಂಚೆಯವನಿಗೆ ಸಿಗುವುದು ನೀರು.

ಹುಡುಗ ಅಲ್ಲೇ ಕೂತು ತಿದ್ದಿದ. ಪೂರ್ತಿ ವಿಳಾಸ ತೆಗೆದು, ಬುತ್ತಿಯ ಫೋಲ್ಡರನ್ನು ಪ್ರೋಗ್ರಾಮಿನ ಪಕ್ಕದಲ್ಲಿಟ್ಟು, 'ಇಲ್ಲೇ ನೋಡು' ಎಂದು ಬರೆದ. ಇಂಡಿಯಲ್ಲಿ ನಡೆಯಿತು.

ಸಿಂದಗಿಯಲ್ಲಿ ಅಂಗಡಿಯ ಹುಡುಗ ಪೆನ್‌ಡ್ರೈವಿನಿಂದ ಪ್ರೋಗ್ರಾಮನ್ನಷ್ಟೇ ಎತ್ತಿಕೊಂಡು ಫೋಲ್ಡರನ್ನು ಅಲ್ಲೇ ಬಿಟ್ಟ. ತೊಗರಿ ತಂದ ಒಬ್ಬ ಅಜ್ಜನ ಕೈಗೆ ಸಾಲು ಸಾಲು ಚೌಕಗಳ ಪಟ್ಟಿ ಬಂತು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿ, 'ಇದರಾಗ ನನ್ನ ಹೆಸರು ಯಾವುದು ತಮ್ಮಾ?' ಎಂದ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ನನಗೆ ಅಪ್ಪನ ರುಮಾಲು ಕಣ್ಣ ಮುಂದೆ ಬಂತು.

ಮುದ್ದೇಬಿಹಾಳದ್ದು ಇನ್ನೂ ಸೋಜಿಗ. ಅಲ್ಲಿ ಫೋಲ್ಡರ್ ಪಕ್ಕದಲ್ಲೇ ಇದ್ದರೂ ಸಿಗಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೊಡನೆ ಪ್ರೋಗ್ರಾಂ ತಾನೇ ಏಳಲಿ ಎಂದು ಯಾರೋ ವಿಂಡೋಸಿನ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಿದ್ದರು. ಅದು ಎಬ್ಬಿಸಿದಾಗ 'ಇಲ್ಲೇ' ಎಂದರೆ ವಿಂಡೋಸಿನ ಸಿಸ್ಟಮ್32 ಫೋಲ್ಡರ್! ಕಂಪ್ಯೂಟರಿನ ಭಾಷೆಯಲ್ಲಿ 'ಇಲ್ಲಿ' ಎಂಬುದು ಪ್ರೋಗ್ರಾಂ ಇರುವ ಜಾಗವಲ್ಲ, ಅದನ್ನು ಕರೆದವರು ನಿಂತ ಜಾಗ. ನೋಡಿ, ಎಷ್ಟು ಸಣ್ಣ ಮಾತು. ಎರಡು ದಿನ ತಿಂದಿತು.

ಕೊನೆಗೆ ಹುಡುಗ ಬುತ್ತಿಯನ್ನೂ ಗಂಟಿನೊಳಗೇ ಹಾಕಿದ. ಗಂಟು ಕಟ್ಟುವಾಗ ಇಂತಿಂಥ ಕಡತ ಸೇರಿಸು ಎಂದು ಪೈಇನ್‌ಸ್ಟಾಲರಿಗೆ ಹೇಳಬಹುದು. ಆದರೂ ಚೌಕಗಳೇ! ಗಂಟಿನಲ್ಲಿ ಇಟ್ಟರೆ ಸಾಲದು, ಗಂಟಿನಲ್ಲಿ ಹುಡುಕಲೂ ಬೇಕು. ಇಂಥ ಒಂದೇ ಕಡತದ ಪ್ರೋಗ್ರಾಂ ಏಳುವಾಗ ಮೊದಲು ಒಂದು ತಾತ್ಕಾಲಿಕ ಫೋಲ್ಡರ್ ಮಾಡಿಕೊಂಡು ಅದರಲ್ಲಿ ಗಂಟು ಬಿಚ್ಚಿ ಹರಡುತ್ತದೆ. ಆ ಫೋಲ್ಡರಿನ ಹೆಸರು ಪ್ರತಿಸಲವೂ ಬೇರೆ. ಅದರ ವಿಳಾಸವನ್ನು ಪೈಥಾನಿನ ಸಿಸ್ ಎಂಬ ಭಾಗದಲ್ಲಿ 'ಎಂಇಐಪಾಸ್' ಎಂಬ ಹೆಸರಿನಲ್ಲಿ ಬರೆದಿಡುತ್ತದೆ. ಹುಡುಗ ನಾಲ್ಕು ಸಾಲು ಬರೆದ: ಆ ವಿಳಾಸ ಇದ್ದರೆ ಅಲ್ಲಿ ನೋಡು, ಇಲ್ಲದಿದ್ದರೆ ನಾನಿನ್ನೂ ಮನೆಯಲ್ಲೇ ಇದ್ದೇನೆಂದು ತಿಳಿದು ಮೂಲ ಕಡತದ ಪಕ್ಕದಲ್ಲಿ ನೋಡು. ಮತ್ತೆ ಸಿಂದಗಿಗೆ ಹೋದೆವು. ಅಕ್ಷರ ಮೂಡಿದವು, ದೇವರೂ ಮೂಡಿದ. ಅಜ್ಜ ಮಾತ್ರ ಆ ದಿನ ಬಂದಿರಲಿಲ್ಲ.

ಬಸವನ ಬಾಗೇವಾಡಿಗೆ ಹೋಗುವಾಗ ಬಸ್ಸಿನಲ್ಲಿ ಹುಡುಗ ಹಾಡು ಗುನುಗುತ್ತಿದ್ದ. ಅಂಗಡಿಯಲ್ಲಿ ದಿನವಿಡೀ ಪಟ್ಟಿಗಳು ಒಂದೂ ತಪ್ಪದೆ ಬಂದವು. ಸಂಜೆ ದಿವಾನಜಿ ಕಂಪ್ಯೂಟರ್ ಆರಿಸಿ ಮನೆಗೆ ಹೋದರು. ಬೆಳಿಗ್ಗೆ ನೋಡಿದರೆ ಹಿಂದಿನ ದಿನದ ಕಿರ್ದಿ ಪೂರ್ತಿ ಖಾಲಿ.

ಆದದ್ದಿಷ್ಟು. ಹುಡುಗ ಆ ನಾಲ್ಕು ಸಾಲುಗಳ ಮೇಲಿನ ಅಕ್ಕರೆಯಿಂದ ಕಿರ್ದಿಯ ಕಡತವನ್ನೂ ಅದೇ ತಾತ್ಕಾಲಿಕ ಫೋಲ್ಡರಿನಲ್ಲಿ ಬರೆಸುತ್ತಿದ್ದ. ಪ್ರೋಗ್ರಾಂ ಮುಚ್ಚಿದಾಗ ಆ ಫೋಲ್ಡರ್ ತಾನಾಗಿ ಅಳಿಸಿಹೋಗುತ್ತದೆ. ಹೊರಡುವಾಗ ಬುತ್ತಿಯ ಬಟ್ಟೆ ಝಾಡಿಸಿದಂತೆ. ಓದಿಕೊಳ್ಳುವ ಚಿತ್ರಕ್ಕೂ ಅಕ್ಷರಕ್ಕೂ ಆ ಜಾಗ ಸಾಕು, ಅವು ಗಂಟಿನಲ್ಲಿ ಇದ್ದೇ ಇರುತ್ತವೆ. ಬರೆದಿಡಬೇಕಾದ ಲೆಕ್ಕಕ್ಕೆ ಅದು ಜಾಗವೇ ಅಲ್ಲ.

ಹುಡುಗನ ಮುಖ ಸಣ್ಣದಾಯಿತು. ದಿವಾನಜಿ ಏನೂ ಅನ್ನಲಿಲ್ಲ. ಗೋಡೆಯ ತಂತಿಗೆ ಚುಚ್ಚಿದ್ದ ಪಟ್ಟಿಗಳ ಎರಡನೆಯ ಪ್ರತಿಗಳನ್ನು ಇಳಿಸಿ ಮುಂದಿಟ್ಟರು, ನಲವತ್ತಮೂರು. ಒಂದೊಂದಾಗಿ ನಾನು ಓದಿದೆ, ಹುಡುಗ ಏರಿಸಿದ. ಮಧ್ಯಾಹ್ನಕ್ಕೆ ಸಾಹುಕಾರರ ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ ಬಂತು.

ಈಗ ಕಿರ್ದಿ ಇರುವುದು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ. ಅದರ ಪೂರ್ತಿ ವಿಳಾಸ ಪರದೆಯ ಕೆಳಗೆ ಸದಾ ಕಾಣುವಂತೆ ಹುಡುಗ ಮಾಡಿದ್ದಾನೆ. ದಿವಾನಜಿ ಅದನ್ನು ಕ್ಯಾಲೆಂಡರಿನ ಪಕ್ಕ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಾರೆ. ಎರಡನೆಯ ಪ್ರತಿಯನ್ನು ತಂತಿಗೆ ಚುಚ್ಚುವುದನ್ನಂತೂ ಬಿಟ್ಟಿಲ್ಲ.