ಆದ್ಯ ಹುಟ್ಟಿದ ನಾಡಿನಲ್ಲಿ

ಕಲಬುರಗಿ ಬಿಟ್ಟ ಬಸ್ಸು ತೊಗರಿ ಹೊಲಗಳ ನಡುವೆ ಓಡುತ್ತಿತ್ತು. ಕಣ್ಣು ಹಾಯುವಷ್ಟು ದೂರವೂ ಹಳದಿ ಹೂವು. ಮಡಿಲಲ್ಲಿ ನನ್ನ ಪಿಎಚ್.ಡಿ. ಕಡತ. ಕೋರ್ಸ್‌ವರ್ಕ್ ಮುಗಿಸಿ, ಸಿನಾಪ್ಸಿಸ್ ಒಪ್ಪಿಸಿ, ಹಿಂದೂ ಮಹಿಳೆಯ ಆಸ್ತಿ ಹಕ್ಕಿನ ತೀರ್ಪುಗಳನ್ನು ಎರಡು ವರ್ಷದಿಂದ ಓದುತ್ತಿದ್ದೆ. ಎತ್ತಲಿಂದ ಹೊರಟರೂ ಓದು ಮಿತಾಕ್ಷರಕ್ಕೇ ಬಂದು ನಿಲ್ಲುತ್ತಿತ್ತು. "ಅದು ಹುಟ್ಟಿದ ಸೀಮೆ ನೋಡಿದ್ದೀಯೇನಮ್ಮ?" ಎಂದು ಗೈಡ್ ಮೇಡಂ ಕೇಳಿದ ದಿನವೇ ಹೊರಡುವುದೆಂದು ನಿಶ್ಚಯಿಸಿದ್ದೆ.

ಮೊದಲು ಇಳಿದದ್ದು ಮರತೂರಿನಲ್ಲಿ. ವಿಜ್ಞಾನೇಶ್ವರ ತಮ್ಮೂರಿನವನೆಂದು ಇಲ್ಲಿನವರ ಹೆಮ್ಮೆ. ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ, ಅಂದರೆ 1076ರಿಂದ 1126ರ ನಡುವೆ, ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆಯೇ ಮಿತಾಕ್ಷರ. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ಕೋರ್ಟುಗಳು ಅದನ್ನೇ ಕೈಗೆತ್ತಿಕೊಂಡವು. ಬಂಗಾಳದ ಕಡೆ ಬಿಟ್ಟರೆ ಹೆಚ್ಚುಕಡಿಮೆ ದೇಶದಾದ್ಯಂತ ಮನೆಮನೆಯ ಪಾಲು ನಡೆದದ್ದು ಈ ಸೀಮೆಯ ಮಾತಿನಂತೆ! ಎತ್ತಿನ ಗಾಡಿಯೊಂದು ಎದುರಿಗೆ ಸಾಗಿತ್ತು. ನಾನು ರಸ್ತೆಯ ಅಂಚಿನಲ್ಲಿ ಸುಮ್ಮನೆ ನಿಂತುಬಿಟ್ಟೆ.

ನನ್ನ ಮೂರನೆಯ ಅಧ್ಯಾಯ ನಿಂತಿರುವುದು ಒಂದೇ ಒಂದು ಪುಟ್ಟ ಪದದ ಮೇಲೆ. ತಂದೆ, ತಾಯಿ, ಗಂಡ, ಸೋದರ ಕೊಟ್ಟದ್ದು ಎಂದೆಲ್ಲ ಸ್ತ್ರೀಧನವನ್ನು ಎಣಿಸಿದ ಯಾಜ್ಞವಲ್ಕ್ಯ ಕೊನೆಗೆ 'ಆದ್ಯ' ಎನ್ನುತ್ತಾನೆ. ಆದ್ಯ ಎಂದರೆ ಮುಂತಾದದ್ದು. ಬೇರೆ ಯಾರಾದರೂ ಅದನ್ನು ಗಮನಿಸದೆ ಮುಂದೆ ಹೋಗುತ್ತಿದ್ದರೇನೋ. ವಿಜ್ಞಾನೇಶ್ವರ ಅಲ್ಲೇ ನಿಂತ. ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು, ಎಲ್ಲವೂ ಆ ಪದದೊಳಗಿದೆ, ಎಲ್ಲವೂ ಅವಳದೇ ಎಂದ. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ಇಷ್ಟು ದೂರ ಬರಲು ಒಪ್ಪಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮಿನ ವಿವರಣೆ ಓದಿದರೆ ಮೈ ಜುಮ್ಮೆನ್ನುತ್ತದೆ: ಉತ್ತರಾಧಿಕಾರ, ಪಾಲು, ಕ್ರಯ, ಮತ್ತೆ ಅದೇ ಪಟ್ಟಿ. ಎಂಟು ಶತಮಾನಕ್ಕೂ ಮಿಕ್ಕಿ ಕಾದಿತ್ತು ಆ ಆದ್ಯ.

ಆತನನ್ನು ಬರೀ ಹೊಗಳಲಾರೆ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂದವನೂ ಆತನೇ, ಆದರೆ ಅದು ಸಂದದ್ದು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೂ ಅದೇ ಹಕ್ಕನ್ನು ನಮ್ಮ ರಾಜ್ಯ 1994ರಲ್ಲಿ ಕೊಟ್ಟಿತು, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. ಸಂಸತ್ತು 2005ರಲ್ಲಿ ಕೊಟ್ಟಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು 2020ರಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ.

ಮರುದಿನ ಹುಮನಾಬಾದಿನಿಂದ ಜಲಸಂಗಿಗೆ ಹೋದೆ. ಚಾಲುಕ್ಯರ ಗುಡಿಯ ಹೊರಗೋಡೆಯ ತುಂಬ ಮದನಿಕೆಯರು. ಅವರಲ್ಲೊಬ್ಬಳ ಮುಂದೆ ನನ್ನ ಕಾಲುಗಳು ನಿಂತವು. ಕನ್ನಡಿ ಹಿಡಿದವಳಲ್ಲ, ಕುಣಿಯುವವಳಲ್ಲ. ಆಕೆ ಬರೆಯುತ್ತಿದ್ದಾಳೆ! ನಮಗೆ ಬೆನ್ನು ಮಾಡಿ, ಕೈ ಮೇಲೆತ್ತಿ, ಹಲಗೆಯ ಮೇಲೆ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ ಕೆತ್ತುತ್ತಿದ್ದಾಳೆ. ಶಾಸನ ಸುಂದರಿ ಎನ್ನುತ್ತಾರೆ ಇವಳನ್ನು. ಸುಂದರಿ ಹೌದು, ಆದರೆ ನನ್ನ ಕಣ್ಣು ಕೀಲಿಸಿದ್ದು ಆ ಕೈಯಲ್ಲಿ. ವಿಜ್ಞಾನೇಶ್ವರ ಓಲೆಗರಿಯ ಮೇಲೆ ಬರೆಯುತ್ತಿದ್ದ ರಾಜ್ಯದಲ್ಲೇ ಒಬ್ಬ ಶಿಲ್ಪಿ ಬರವಣಿಗೆಯನ್ನು ಹೆಣ್ಣಿನ ಕೈಗೆ ಕೊಟ್ಟಿದ್ದ. ಎಷ್ಟು ಹೊತ್ತು ನೋಡಿದೆನೋ ತಿಳಿಯದು.

"ಈಕಿ ಏನ್ ಬರೀಲತ್ತಾಳ, ಗೊತ್ತದೇನು ಯವ್ವಾ?" ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು.

"ರಾಜನ ಕೀರ್ತಿ, ಅಜ್ಜಿ."

"ಮತ್ ನೀ ಏನ್ ಬರೀಲತ್ತಿ?"

ಅಪ್ಪನ ಹೊಲದಲ್ಲಿ ಮಗಳ ಪಾಲಿನ ಬಗ್ಗೆ ಎಂದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಪ್ಪಂದು ಎಂಟು ಎಕರೆ ಹೊಲ ಅದ. ಪಹಣಿದಾಗ ಅಣ್ಣತಮ್ಮರ ಹೆಸರಷ್ಟೇ ಅದ" ಎಂದವರು ಪಕ್ಕದ ಕಲ್ಲು ಒರೆಸಿದರು. "ಬಾ, ಕೂಡು. ಹೇಳು, ಕೇಳ್ತೀನಿ."

ಬಸವಕಲ್ಯಾಣದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಡತದ ದಾರ ಬಿಚ್ಚಿ, ಆದ್ಯದಿಂದಲೇ ಶುರುಮಾಡಿದೆ.