ಕುದುರೆ ಮಾರಲು ಬಂದ ಪರದೇಶಿ

ಮಳೆಗಾಲದ ಮುಂಜಾನೆಯಲ್ಲಿ ಹುಮನಾಬಾದಿನಿಂದ ಚಿಟಗುಪ್ಪದ ಕಡೆಗೆ ಹೊರಟವರಿಗೆ ದಾರಿಯ ಎರಡು ಬದಿಗಳಲ್ಲಿಯೂ ತೊಗರಿ, ಹೆಸರು, ಉದ್ದಿನ ಎಳೆಯ ಹಸುರು ಕಣ್ತುಂಬ ಕಾಣುತ್ತದೆ. ಒಂದೆಡೆ ಕಾಲಿಗೆ ಅಂಟುವ ಕರಿಯ ಎರೆಮಣ್ಣು. ಮತ್ತೊಂದೆಡೆ ಬೀದರಿನ ಸೀಮೆಗೇ ಸಹಜವಾದ ಜಂಬಿಟ್ಟಿಗೆಯ ಕೆಂಪು ನೆಲ. ಪೇಟೆಯನ್ನು ಹೊಕ್ಕರೆ ಕನ್ನಡದೊಡನೆ ಉರ್ದು, ಮರಾಠಿ, ತೆಲುಗು ಮಾತುಗಳೂ ಕಿವಿಗೆ ಬೀಳುತ್ತವೆ. ಹೊಸ ಮುಖ ಕಂಡೊಡನೆ ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ: "ಯಾವೂರ್ರೀ ನಿಮ್ದು?"

ಇಂದಿಗೆ ಸುಮಾರು ಐದೂವರೆ ಶತಮಾನಗಳ ಹಿಂದೆ ಇದೇ ಸೀಮೆಯಲ್ಲಿ ಸಂಚರಿಸಿದ ಒಬ್ಬ ಪರದೇಶಿಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾಯಿತು. ಆತನ ಹೆಸರು ಅಫನಾಸಿ ನಿಕಿತಿನ್. ರಷ್ಯಾದ ವೋಲ್ಗಾ ನದಿಯ ದಡದಲ್ಲಿರುವ ತ್ವೇರ್ ನಗರದ ವರ್ತಕ. ವಾಸ್ಕೋ ಡ ಗಾಮಾ 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬರುವುದಕ್ಕೆ ಕಾಲು ಶತಮಾನ ಮೊದಲೇ ಈತನು ನಮ್ಮ ನಾಡನ್ನು ಕಂಡಿದ್ದನು. ಗಾಮಾನ ಹಿಂದೆ ಒಬ್ಬ ದೊರೆಯೂ ಒಂದು ನೌಕಾಪಡೆಯೂ ಇದ್ದವು. ನಿಕಿತಿನನ ಬಳಿ ಇದ್ದುದು ಒಂದು ಕುದುರೆ.

ಆತನು ಊರು ಬಿಟ್ಟದ್ದು ಭಾರತಕ್ಕೆ ಬರುವ ಉದ್ದೇಶದಿಂದಲ್ಲ. ಕ್ಯಾಸ್ಪಿಯನ್ ಸಮುದ್ರದ ಕಡೆಯ ವ್ಯಾಪಾರಕ್ಕಾಗಿ. ಅಸ್ತ್ರಾಖಾನಿನ ಬಳಿ ತಾತಾರರು ದೋಣಿಗಳನ್ನು ಸುಲಿದರು. ಸರಕಿನೊಡನೆ ಆತನ ಧರ್ಮಗ್ರಂಥಗಳೂ ಹೋದವು. ಬರಿಗೈಯಲ್ಲಿ ಹಿಂದಿರುಗಿದರೆ ಸಾಲಗಾರರಿಗೆ ಮುಖ ತೋರಿಸುವುದು ಹೇಗೆ? ಆದ್ದರಿಂದ ಮುಂದಕ್ಕೇ ನಡೆದನು. ಪಾರಸಿಕ ದೇಶವನ್ನು ದಾಟಿ ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿದನು. ಭಾರತದಲ್ಲಿ ಒಳ್ಳೆಯ ಕುದುರೆಗಳು ಹುಟ್ಟುವುದಿಲ್ಲವೆಂದೂ ಸಮುದ್ರದಾಚೆಯಿಂದ ಬಂದ ಕುದುರೆಗೆ ಅಲ್ಲಿ ಬಹಳ ಬೆಲೆಯೆಂದೂ ಕೇಳಿದ್ದನು. ಕೈಗೆ ಕೂಡಿದ ಹಣವೆಲ್ಲವೂ ಆ ಒಂದು ಗಂಡುಗುದುರೆಯಲ್ಲಿ ಸೇರಿತ್ತು.

ಕೊಂಕಣದ ಚೌಲ್ ಬಂದರಿನಲ್ಲಿ ಇಳಿದೊಡನೆ ಆತನನ್ನು ಬೆರಗುಗೊಳಿಸಿದ್ದು ಜನರ ಉಡುಗೆ. ಹಿಮದ ನಾಡಿನಲ್ಲಿ ತುಪ್ಪುಳದ ಅಂಗಿ ತೊಟ್ಟು ಬೆಳೆದವನಿಗೆ ಬರಿದಲೆಯ, ಬರಿಮೈಯ ಜನಸಮುದಾಯವನ್ನು ಕಂಡು ದಿಗ್ಭ್ರಮೆಯಾಯಿತು. ಆದರೆ ಆತನನ್ನು ಕಂಡು ಜನರಿಗಾದ ಬೆರಗು ಅದಕ್ಕಿಂತ ಹೆಚ್ಚಿನದು. ಹೋದಲ್ಲೆಲ್ಲ ಜನ ಹಿಂಬಾಲಿಸಿ ಆ ಬಿಳಿಯ ಮೈಬಣ್ಣವನ್ನು ದಿಟ್ಟಿಸುತ್ತಿದ್ದರೆಂದು ಆತನೇ ಬರೆದಿಟ್ಟಿದ್ದಾನೆ. ನೋಡಲು ಬಂದವನೇ ನೋಟದ ವಸ್ತುವಾದನು!

ಘಟ್ಟವನ್ನೇರಿ, ಇಂದಿನ ಮಹಾರಾಷ್ಟ್ರದಲ್ಲಿರುವ ಜುನ್ನರಿಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಹಗಲೂ ರಾತ್ರಿಯೂ ನೀರು ಮತ್ತು ಕೆಸರು. ಆತನು ಇದನ್ನೇ ಈ ದೇಶದ ಚಳಿಗಾಲವೆಂದು ಬಗೆದನು. ತನ್ನ ಊರಿನಲ್ಲಿ ಚಳಿಗಾಲವೆಂದರೆ ನೆಲವೆಲ್ಲ ಹೆಪ್ಪುಗಟ್ಟುವ ಕಾಲ. ಇಲ್ಲಿ ಈ 'ಚಳಿಗಾಲ'ದಲ್ಲಿಯೇ ರೈತರು ಉತ್ತು ಬಿತ್ತುತ್ತಿದ್ದರು. ಕುದುರೆಗೆ ಕಡಲೆಯನ್ನು ತಿನ್ನಿಸುವುದೂ, ಕಿಚಡಿಯನ್ನು ಬೇಯಿಸಿ ಸಕ್ಕರೆ, ಎಣ್ಣೆ ಬೆರೆಸಿ ಉಣಿಸುವುದೂ ಆತನಿಗೆ ಹೊಸತಾಗಿ ಕಂಡಿತು.

ಜುನ್ನರಿನಲ್ಲಿಯೇ ಆತನಿಗೆ ಮೊದಲ ಆಘಾತ ಒದಗಿತು. ಅಲ್ಲಿಯ ಅಧಿಕಾರಿ ಅಸದ್ ಖಾನನು ಕುದುರೆಯನ್ನು ವಶಪಡಿಸಿಕೊಂಡನು. ಇವನು ಕ್ರೈಸ್ತನೆಂದು ತಿಳಿದ ಮೇಲೆ, ಇಸ್ಲಾಮಿಗೆ ಸೇರಿದರೆ ಕುದುರೆಯೊಡನೆ ಸಾವಿರ ಹೊನ್ನು ಕೊಡುವುದಾಗಿಯೂ, ಸೇರದಿದ್ದರೆ ಕುದುರೆಯೂ ಹೋಗಿ ಸಾವಿರ ಹೊನ್ನು ದಂಡವೂ ಬೀಳುವುದೆಂದೂ ಸಾರಿದನು. ಯೋಚಿಸಲು ಕೊಟ್ಟ ಗಡುವು ನಾಲ್ಕು ದಿನ. ಆ ಗಡುವಿನೊಳಗೆ ಅಲ್ಲಿಗೆ ಬಂದ ಮಹಮದ್ ಎಂಬ ಖುರಾಸಾನಿ ಗೃಹಸ್ಥನಲ್ಲಿ ನಿಕಿತಿನ್ ಮೊರೆಯಿಟ್ಟನು. ಆ ಮುಸಲ್ಮಾನ ಸಜ್ಜನನು ಖಾನನ ಬಳಿಗೆ ಹೋಗಿ ಮಾತನಾಡಿ, ಮತವನ್ನು ಬಿಡಿಸದಂತೆ ಮಾಡಿ, ಕುದುರೆಯನ್ನೂ ಹಿಂದಕ್ಕೆ ಕೊಡಿಸಿದನು. ಪರಕೀಯನನ್ನು ಹೆದರಿಸಿದವನೂ ಕಾಪಾಡಿದವನೂ ಒಂದೇ ಮತದವರು. ಈ ಸಂಗತಿಯನ್ನು ನಿಕಿತಿನ್ ಮರೆಯದೆ ಬರೆದಿದ್ದಾನೆ.

ಅಲ್ಲಿಂದ ಒಂದು ತಿಂಗಳು ನಡೆದು ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರನ್ನು ಸೇರಿದನು. ಆಗ ಪಟ್ಟದಲ್ಲಿದ್ದವನು ಮೂರನೆಯ ಮುಹಮ್ಮದ್ ಷಾ, ಇಪ್ಪತ್ತರ ಆಸುಪಾಸಿನ ತರುಣ. ಆಡಳಿತದ ಸೂತ್ರ ಮಹಮೂದ್ ಗವಾನನ ಕೈಯಲ್ಲಿತ್ತು. 1472ರಲ್ಲಿ ಗವಾನನು ಕಟ್ಟಿಸಿದ ಮದರಸಾದ ಉಳಿದ ಭಾಗ ಇಂದಿಗೂ ಬೀದರಿಗೆ ಭೂಷಣವಾಗಿದೆ. ಅರಮನೆಗೆ ಏಳು ಬಾಗಿಲು. ಬಾಗಿಲು ಬಾಗಿಲಿಗೂ ನೂರು ಕಾವಲುಗಾರರು, ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಬರೆದುಕೊಳ್ಳಲು ನೂರು ಕರಣಿಕರು! ಹೊರನಾಡಿನವರಿಗೆ ಒಳಗೆ ಪ್ರವೇಶವಿಲ್ಲ. ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಸಾಗುವ ಸರದಾರರನ್ನು ನಿಕಿತಿನ್ ಬೀದಿಯಲ್ಲಿ ನಿಂತು ಕಂಡನು. ವೈಭವಕ್ಕೆ ಮರುಳಾಗಿ ಸುಮ್ಮನಾಗಲಿಲ್ಲ. ಸರದಾರರ ಸಿರಿಯನ್ನು ವರ್ಣಿಸುವಾಗಲೇ ಹಳ್ಳಿಗರ ಬಡತನವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟನು.

ಬೀದರಿನಿಂದ ಕಲಬುರ್ಗಿ, ಆಳಂದಗಳ ಕಡೆಗೂ ಆತನು ಓಡಾಡಿದನು. ದೊಡ್ಡ ನಗರಗಳ ನಡುವೆ ದಿನಕ್ಕೆ ಮೂರು, ಕೆಲವೊಮ್ಮೆ ನಾಲ್ಕು ಊರುಗಳು ಸಿಗುತ್ತವೆಂದು ಎಣಿಸಿದನೇ ಹೊರತು ಅವುಗಳ ಹೆಸರನ್ನು ಬರೆದಿಡಲಿಲ್ಲ. ಚಿಟಗುಪ್ಪ, ಹುಮನಾಬಾದುಗಳು ಇರುವುದು ಈ ನಡುವಣ ನೆಲದಲ್ಲಿಯೇ. ಆಳಂದದಲ್ಲಿ ಷೇಖ್ ಅಲ್ಲಾವುದ್ದೀನರ ಉರುಸಿನ ಕಾಲಕ್ಕೆ ಸೇರುತ್ತಿದ್ದ ಜಾತ್ರೆಯಲ್ಲಿ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಆತನ ಲೆಕ್ಕ. ರಾತ್ರಿ ಮನೆಯ ಮೇಲೆ ಕುಳಿತು ಕೂಗಿ ಸಾವನ್ನು ಮುನ್ಸೂಚಿಸುವ 'ಗುಕ್ಕುಕ್' ಹಕ್ಕಿಯ ಕಥೆಯನ್ನೂ ಅಲ್ಲಿಯೇ ಕೇಳಿ ಬರೆದುಕೊಂಡನು. ಗೂಗೆಯ ಕೂಗಿಗೆ ಅಂಜುವ ನಮ್ಮ ಅಜ್ಜಿಯರಿಗೆ ಇದು ಅಪರಿಚಿತವಾದ ಕಥೆಯಲ್ಲ!

ವ್ಯಾಪಾರದಲ್ಲಿ ಮಾತ್ರ ಆಶಾಭಂಗವಾಯಿತು. ಮೆಣಸೂ ಬಣ್ಣವೂ ಅಗ್ಗವೇನೋ ಹೌದು, ಆದರೆ ರಷ್ಯಾಕ್ಕೆ ಒಯ್ಯತಕ್ಕ ಸರಕಿಲ್ಲ, ಸುಂಕ ಬಹಳ, ಕಡಲಿನಲ್ಲಿ ಕಳ್ಳರ ಕಾಟ. ಭಾರತದಲ್ಲಿ ಎಲ್ಲವೂ ದೊರೆಯುತ್ತದೆಂದು ಹೇಳಿದವರು ತನ್ನನ್ನು ಮೋಸಗೊಳಿಸಿದರೆಂದು ಕಟುವಾಗಿ ಬರೆದನು. ವರ್ಷಕಾಲ ಸಾಕಿದ ಕುದುರೆಯನ್ನು ಕ್ರಿಸ್ಮಸ್ಸಿನ ಹೊತ್ತಿಗೆ ಬೀದರಿನಲ್ಲಿಯೇ ಮಾರಿದನು.

ಕಥೆ ಇಲ್ಲಿಗೇ ನಿಂತಿದ್ದರೆ ಅದು ನಷ್ಟಹೊಂದಿದ ವರ್ತಕನೊಬ್ಬನ ಗೊಣಗಾಟವಾಗುತ್ತಿತ್ತು. ಆದರೆ ಬೀದರಿನಲ್ಲಿ ಒಂದು ಮಾರ್ಪಾಡು ನಡೆಯಿತು. ಅಲ್ಲಿಯವರೆಗೆ ಆತನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ನಡೆದುಕೊಳ್ಳುತ್ತಿದ್ದನು. ಬೀದರಿನ ಹಿಂದೂಗಳಲ್ಲಿ ಕೆಲವರ ಪರಿಚಯ ಬೆಳೆದ ಮೇಲೆ, ತಾನು ಮುಸಲ್ಮಾನನಲ್ಲ, ಕ್ರೈಸ್ತನು, ತನ್ನ ಹೆಸರು ಅಫನಾಸಿ ಎಂದು ನಿಜವನ್ನು ಹೇಳಿದನು. ಅಂದಿನಿಂದ ಅವರು ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ ಆತನಿಂದ ಮುಚ್ಚಿಡಲಿಲ್ಲ. ಮನೆಯ ಹೆಣ್ಣುಮಕ್ಕಳೂ ಮರೆಯಾಗಲಿಲ್ಲ. ಪರರ ದೃಷ್ಟಿ ಬಿದ್ದರೆ ಉಣ್ಣಲಾರದೆ ಅನ್ನದ ಮೇಲೆ ಬಟ್ಟೆ ಹೊದಿಸುತ್ತಿದ್ದ ಜನ ಅವರು. ಪ್ರಯಾಣದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಗಡಿಗೆಯನ್ನು ಜೊತೆಗೆ ಒಯ್ಯುವುದನ್ನೂ, ಬಲಗೈಯಿಂದಲೇ ಉಣ್ಣುವುದನ್ನೂ, ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುವುದನ್ನೂ ಆತನು ಹತ್ತಿರದಿಂದ ಕಂಡನು. ಪೂರ್ವಾಭಿಮುಖದ ಪ್ರಾರ್ಥನೆ ತನ್ನ ನಾಡಿನ ರೂಢಿಯಂತೆಯೇ ಇದೆಯೆಂಬುದು ಆತನ ಗಮನಕ್ಕೆ ಬಂದಿತು.

ಶಿವರಾತ್ರಿಗೆ ಅವರೊಡನೆ ಶ್ರೀಶೈಲ ಪರ್ವತಕ್ಕೂ ಹೋದನು. ದಾರಿ ಒಂದು ತಿಂಗಳದು. ಕರಿಗಲ್ಲಿನ ನಂದಿಯ ಗೊರಸಿಗೆ ಭಕ್ತರು ಮುತ್ತಿಟ್ಟು ಹೂವೇರಿಸುವುದನ್ನು ನೋಡಿದನು. ಕ್ರೈಸ್ತರಿಗೆ ಜೆರೂಸಲೇಮ್, ಮುಸಲ್ಮಾನರಿಗೆ ಮಕ್ಕಾ ಹೇಗೋ ಇವರಿಗೆ ಈ ಪರ್ವತ ಹಾಗೆ ಎಂದು ತಿಳಿದುಕೊಂಡನು. ಚೌಲಿನಲ್ಲಿ ಬರಿಮೈಯನ್ನಷ್ಟೇ ಕಂಡ ಕಣ್ಣುಗಳಿಗೆ ಶ್ರೀಶೈಲದಲ್ಲಿ ಭಕ್ತಿಯ ಅರ್ಥ ಹೊಳೆಯಿತು.

ಇತರರ ಹಬ್ಬವನ್ನು ಕಂಡಾಗಲೆಲ್ಲ ತನ್ನ ಹಬ್ಬದ ನೆನಪು ಆತನನ್ನು ಕೊರೆಯುತ್ತಿತ್ತು. ಪುಸ್ತಕಗಳಿಲ್ಲದೆ ಈಸ್ಟರ್ ಎಂದು ಬರುವುದೆಂಬುದೂ ತಿಳಿಯದೆ, ಗ್ರಹತಾರೆಗಳನ್ನು ನೋಡಿ ಊಹೆಯಿಂದ ಉಪವಾಸ ಹಿಡಿದನು. ಮುಸಲ್ಮಾನರ ನಡುವೆ ಅವರ ರಂಜಾನಿನ ಉಪವಾಸವನ್ನೂ ಮಾಡಿದನು. ಕೊನೆಗೆ ದಾಭೋಳದಲ್ಲಿ ಹಡಗು ಹತ್ತಿ, ಪಾರಸಿಕ ನಾಡಿನ ಮೂಲಕ ಕಪ್ಪು ಸಮುದ್ರವನ್ನು ದಾಟಿದನು. ಆದರೆ ತ್ವೇರನ್ನು ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ನಗರವನ್ನು ಸೇರುವ ಮೊದಲೇ ತೀರಿಕೊಂಡನು. ಆತನ ಟಿಪ್ಪಣಿಗಳನ್ನು ವರ್ತಕರು ಮಾಸ್ಕೋಗೆ ತಲುಪಿಸಿದರು. 'ಮೂರು ಸಮುದ್ರಗಳಾಚೆಯ ಪ್ರಯಾಣ' ಎಂದು ಅದು ಪ್ರಸಿದ್ಧವಾಯಿತು. ಆ ಕಥೆಯನ್ನಾಧರಿಸಿ 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟಗಳು ಕೂಡಿ 'ಪರದೇಸಿ' ಚಿತ್ರವನ್ನು ತಯಾರಿಸಿದವು.

ಇಂದು ಬೀದರಿನಿಂದ ಕಲಬುರ್ಗಿಗೆ ಕೆಲವೇ ಗಂಟೆಗಳ ಪ್ರಯಾಣ. 2017ರಿಂದ ಹುಮನಾಬಾದಿನ ಮೂಲಕ ರೈಲೂ ಓಡುತ್ತಿದೆ. ವಾಹನದ ಕಿಟಕಿಯಿಂದ ಕಂಡಷ್ಟನ್ನೇ ಒಂದು ನಾಡೆಂದು ಭಾವಿಸುವುದು ಸುಲಭ. ನಿಕಿತಿನನೂ ಮೊದಲು ಹಾಗೆಯೇ ಭಾವಿಸಿದ್ದನು. ಕಣ್ಣು ತೋರಿಸಿದ್ದು ಉಡುಗೆಯನ್ನು, ಕೆಸರನ್ನು, ಏಳು ಬಾಗಿಲುಗಳನ್ನು. ಆ ಏಳು ಬಾಗಿಲುಗಳು ಆತನಿಗೆ ಕೊನೆಯವರೆಗೂ ತೆರೆಯಲಿಲ್ಲ. ತೆರೆದದ್ದು ಸಾಮಾನ್ಯರ ಮನೆಯ ಬಾಗಿಲು. ಅದೂ ತನ್ನ ನಿಜವಾದ ಹೆಸರನ್ನು ಹೇಳಿದ ದಿನ.

ಚಿಟಗುಪ್ಪದ ಪೇಟೆಯಲ್ಲಿ ಯಾರಾದರೂ "ಯಾವೂರ್ರೀ ನಿಮ್ದು?" ಎಂದು ಕೇಳಿದರೆ ಪ್ರವಾಸಿಗರು ಬೇಸರಪಡಬೇಕಾಗಿಲ್ಲ. ಆ ನಾಡನ್ನು ನಿಜವಾಗಿ ನೋಡುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.